ಕುಕ್ಕರ್ ಗುರುತಿನ ಇಂಜಿನಿಯರ್

ಪಕ್ಷೇತರ ಎಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡೇ ಅರ್ಥ. ಟಿಕೆಟ್ ಸಿಗದೆ ಮುನಿಸಿಕೊಂಡವನು, ಇಲ್ಲವೇ ಇನ್ನೊಬ್ಬರ ಮತ ಒಡೆಯಲು ನಿಂತವನು. ಗೆದ್ದುಬಿಟ್ಟರೆ ಮೂರನೆಯ ಅರ್ಥವೂ ಹುಟ್ಟಿಕೊಳ್ಳುತ್ತದೆ. 2008ರಲ್ಲಿ ನಮ್ಮ ವಿಧಾನಸಭೆಗೆ ಬಂದ ಪಕ್ಷೇತರರಲ್ಲಿ ಐವರು ಮಂತ್ರಿಗಳಾದುದನ್ನು ನಾವೇ ಕಂಡಿದ್ದೇವೆ. ಅದೇ ವರ್ಷದ ಕೊನೆಗೆ ಕಾಶ್ಮೀರದ ಕುಪ್ವಾರ ಜಿಲ್ಲೆಯ ಲಂಗೇಟ್‌ನಲ್ಲಿ ಗೆದ್ದ ಪಕ್ಷೇತರರ ಕತೆ ಬೇರೆ.

ಶೇಖ್ ಅಬ್ದುಲ್ ರಶೀದ್ ಸರಕಾರಿ ನಿರ್ಮಾಣ ನಿಗಮದಲ್ಲಿ ಇಂಜಿನಿಯರ್ ಆಗಿದ್ದವರು. ಅವರು ನೌಕರಿ ಬಿಟ್ಟರು, ಜನ 'ಇಂಜಿನಿಯರ್' ಬಿಡಲಿಲ್ಲ. ಹದಿನೇಳು ದಿನಗಳ ಪ್ರಚಾರದಲ್ಲೇ ಶಾಸಕರಾದರು. ಸೇನಾ ಶಿಬಿರಗಳಿಗೆ ಹಳ್ಳಿಗರಿಂದ ದುಡಿಸಿಕೊಳ್ಳುತ್ತಾರೆಂಬ ದೂರನ್ನು ಅವರು ಬೀದಿಗೆ ತಂದಿದ್ದರು. ಉರ್ದುವಿನಲ್ಲಿ ಅದನ್ನು ಬೇಗಾರ್ ಎನ್ನುತ್ತಾರೆ, ನಮ್ಮಲ್ಲಿ ಬಿಟ್ಟಿ ಚಾಕರಿ. ಆ ಮಾತನ್ನು ಆಡುವವರು ಬೇಕಾಗಿತ್ತು ಲಂಗೇಟ್‌ಗೆ. 2014ರಲ್ಲೂ ಅವರೇ ಗೆದ್ದರು. ಮರುವರ್ಷ ಅಕ್ಟೋಬರಿನಲ್ಲಿ ಶಾಸಕರ ಭವನದಲ್ಲಿ ಗೋಮಾಂಸದ ಔತಣ ಕೊಟ್ಟದ್ದಕ್ಕೆ ಬಿಜೆಪಿ ಶಾಸಕರು ಸದನದೊಳಗೇ ಅವರ ಮೇಲೆ ಕೈಮಾಡಿದರು. ಹತ್ತು ದಿನ ಕಳೆದು ದೆಹಲಿಯಲ್ಲಿ ಮುಖಕ್ಕೆ ಮಸಿ ಬಿತ್ತು. ಆ ಔತಣ ಬೇಕಿತ್ತೇ ಎಂದು ನಮಗೂ ಅನಿಸಿದ್ದುಂಟು.

2019ರ ಲೋಕಸಭಾ ಚುನಾವಣೆಯಲ್ಲಿ ಬಾರಾಮುಲ್ಲಾದಿಂದ ನಿಂತು ಲಕ್ಷಕ್ಕೂ ಹೆಚ್ಚು ಮತ ಪಡೆದು ಮೂರನೆಯವರಾದರು. ಆ ಆಗಸ್ಟ್‌ನಲ್ಲೇ ಭಯೋತ್ಪಾದನೆಗೆ ಹಣ ಒದಗಿಸಿದ ಆರೋಪದಲ್ಲಿ ಎನ್‌ಐಎ ಬಂಧಿಸಿತು.

ಬಂಧನದಲ್ಲಿರುವವರು ಚುನಾವಣೆಗೆ ನಿಲ್ಲಬಹುದು, ಮತ ಹಾಕುವಂತಿಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್ ನಿಲ್ಲುವುದೂ ಸಲ್ಲದೆಂದಿತು. ಅದೇ ವರ್ಷ ಸಂಸತ್ತು ಕಾಯಿದೆ ತಿದ್ದಿ ಆ ಬಾಗಿಲು ತೆರೆದಿಟ್ಟಿತು. ಹಾಗಾಗಿ 2024ರಲ್ಲಿ ರಶೀದ್ ತಿಹಾರ್ ಜೈಲಿನಿಂದಲೇ ಅಭ್ಯರ್ಥಿಯಾದರು. ಗುರುತು ಪ್ರೆಶರ್ ಕುಕ್ಕರ್. ಪ್ರಚಾರಕ್ಕೆ ಇಳಿದವರು ಅವರ ಮಕ್ಕಳು. ಜೈಲಿನ ಸೇಡನ್ನು ವೋಟಿನಿಂದ ತೀರಿಸಿ ಎಂಬುದು ಘೋಷಣೆ. ಹಿಂದಿನ ಸಲ ಶೇ. 35ರ ಆಸುಪಾಸಿನಲ್ಲಿದ್ದ ಮತದಾನ ಶೇ. 59ಕ್ಕೆ ಏರಿತು. ಚುನಾವಣೆ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಊರುಗಳಲ್ಲಿ ಸಾಲು ನಿಂತಿತು. ರಶೀದ್ 4,72,481 ಮತ ಪಡೆದು, ಮುಖ್ಯಮಂತ್ರಿಯಾಗಿದ್ದ ಉಮರ್ ಅಬ್ದುಲ್ಲಾರನ್ನು 2,04,142 ಮತಗಳಿಂದ ಸೋಲಿಸಿದರು. ಸಜ್ಜಾದ್ ಲೋನ್ ಮೂರನೆಯವರು.

ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ನೆನಪಾಗದಿರುತ್ತಾರೆಯೇ? 1977ರಲ್ಲಿ ಅವರೂ ಜೈಲಿನಲ್ಲಿದ್ದೇ ಬಿಹಾರದ ಮುಜಫ್ಫರ್‌ಪುರವನ್ನು ಮೂರು ಲಕ್ಷಕ್ಕೂ ಮಿಕ್ಕ ಅಂತರದಿಂದ ಗೆದ್ದಿದ್ದರು. ಆದರೆ ಜಾರ್ಜ್ ಬೆನ್ನಿಗೆ ಜನತಾ ಅಲೆ ಇತ್ತು, ಹೊರಬಂದು ಕೇಂದ್ರ ಮಂತ್ರಿಯಾದರು. ರಶೀದ್‌ಗೆ ಸಿಕ್ಕಿದ್ದು ಜುಲೈ 5ರಂದು ಪೊಲೀಸ್ ಕಾವಲಿನಲ್ಲಿ ಎರಡು ಗಂಟೆ. ಸ್ಪೀಕರ್ ಕೊಠಡಿಯಲ್ಲಿ ಪ್ರಮಾಣ ಸ್ವೀಕರಿಸಿ ಮತ್ತೆ ಜೈಲು ಸೇರಿದರು.

ಇದನ್ನು ರಶೀದರ ಎಲ್ಲ ಮಾತಿಗೂ ಬಿದ್ದ ಮುದ್ರೆ ಎಂದು ಕೆಲವರು ಓದಿದರು. ನಮಗೆ ಹಾಗನ್ನಿಸುವುದಿಲ್ಲ. 2019ರ ಆಗಸ್ಟ್‌ನಿಂದ ಬಾಯಿಕಟ್ಟಿ ಕುಳಿತ ಜನ ಒಳಗಿರುವ ಒಬ್ಬರ ಮೂಲಕ ಮಾತಾಡಿದರು. ಸೆಪ್ಟೆಂಬರಿನಲ್ಲಿ ಮಧ್ಯಂತರ ಜಾಮೀನು ಸಿಕ್ಕಿ ರಶೀದ್ ತಾವೇ ಊರೂರು ಸುತ್ತಿ ವಿಧಾನಸಭಾ ಚುನಾವಣೆಗೆ ಪ್ರಚಾರ ಮಾಡಿದರು. ಬಿಜೆಪಿಯೇ ಬಿಡಿಸಿ ತಂದಿದೆ ಎಂದು ಎದುರಾಳಿಗಳು ಆಡಿಕೊಂಡರು. ಅವರ ಅವಾಮಿ ಇತ್ತೆಹಾದ್ ಪಕ್ಷಕ್ಕೆ ದಕ್ಕಿದ್ದು ಲಂಗೇಟ್ ಒಂದೇ, ಅಲ್ಲಿ ಗೆದ್ದವರು ಅವರ ತಮ್ಮ ಖುರ್ಷೀದ್. ಬಾರಾಮುಲ್ಲಾದಲ್ಲಿ ಸೋತಿದ್ದ ಉಮರ್ ಅಕ್ಟೋಬರ್ 16ರಂದು ಮುಖ್ಯಮಂತ್ರಿಯಾದರು. 28ರಂದು ರಶೀದ್ ತಿಹಾರ್‌ಗೆ ಮರಳಿ ಶರಣಾದರು.