ಎಲುಬಿನ ಡಾಕ್ಟರ್ ಆಗುವ ಹೆಣ್ಣುಮಕ್ಕಳಿಗೆ ವಿಶೇಷ ಸ್ಕಾಲರ್‌ಶಿಪ್: ಎಷ್ಟು ನಿಜ? ದೇವರಗುಡ್ಡದ ಹುಡುಗಿಗೆ ಏನು ಸಿಗುತ್ತದೆ?

"ಎಲುಬು-ಕೀಲು ಸರ್ಜನ್ ಆಗುವ ಹೆಣ್ಣುಮಕ್ಕಳಿಗೆ ಪೂರ್ತಿ ಫೀಸು ಉಚಿತ. ಈ ಲಿಂಕ್ ಒತ್ತಿ, ನಿಮ್ಮ ಗ್ರೂಪಿನವರಿಗೆಲ್ಲ ಕಳಿಸಿ." ಈ ಧಾಟಿಯ ಮೆಸೇಜ್ ಬಂದರೆ ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ಇಂಥ ಯೋಜನೆಗಳು ಜಗತ್ತಿನಲ್ಲಿ ಇರುವುದು ನಿಜ. ಆದರೆ ಅವು ಇರುವುದು ಹೆಚ್ಚಾಗಿ ಅಮೆರಿಕದಲ್ಲಿ, ಅಲ್ಲಿಯ ವಿದ್ಯಾರ್ಥಿಗಳಿಗೆ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪಿಯುಸಿ ಸೈನ್ಸ್ ಓದುವ ಹುಡುಗಿಗೆ ಬೇರೆ ದಾರಿಗಳಿವೆ. ಅವು ಮೆಸೇಜಿನಲ್ಲಿ ಇರುವುದಿಲ್ಲ.

ಅಮೆರಿಕದಲ್ಲಿ ಇದು ಏಕೆ ಶುರುವಾಯಿತು?

ಅಲ್ಲಿ ಮೆಡಿಕಲ್ ಓದುವವರಲ್ಲಿ ಈಗ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳು. ಆದರೆ ವೃತ್ತಿಯಲ್ಲಿರುವ ಎಲುಬು ಸರ್ಜನ್‌ಗಳಲ್ಲಿ ಮಹಿಳೆಯರು ನೂರಕ್ಕೆ ಹತ್ತು ಮಂದಿಯೂ ಇಲ್ಲ. ಕಪ್ಪು ಜನಾಂಗದವರ ಪಾಲೂ ತೀರಾ ಕಡಿಮೆ. 1937ರಲ್ಲಿ ರೂತ್ ಜಾಕ್ಸನ್ ಎಂಬ ವೈದ್ಯೆ ಎಲುಬು ಶಸ್ತ್ರಚಿಕಿತ್ಸೆಯ ಮಂಡಳಿ ಪರೀಕ್ಷೆ ಪಾಸಾದ ಮೊದಲ ಮಹಿಳೆಯಾದರು. ಅವರ ಹೆಸರಿನ ಸಂಘ 1983ರಲ್ಲಿ ಹುಟ್ಟಿತು. ಕಿರಿಯ ವೈದ್ಯೆಯರಿಗೆ ಹಿರಿಯರ ಮಾರ್ಗದರ್ಶನ ಮತ್ತು ಧನಸಹಾಯ ಕೊಡಿಸುವುದು ಅದರ ಕೆಲಸ.

2004ರಲ್ಲಿ ಶುರುವಾದ 'ಎನ್‌ತ್ ಡೈಮೆನ್ಷನ್ಸ್' ಸಂಸ್ಥೆ ಹೆಣ್ಣುಮಕ್ಕಳನ್ನೂ ಹಿಂದುಳಿದ ಸಮುದಾಯದ ಮೆಡಿಕಲ್ ವಿದ್ಯಾರ್ಥಿಗಳನ್ನೂ ಬೇಸಿಗೆ ರಜೆಯಲ್ಲಿ ಎಲುಬು ಸರ್ಜನ್‌ಗಳ ಜತೆ ಕೆಲಸಕ್ಕೆ ಹಚ್ಚುತ್ತದೆ, ಅದಕ್ಕೆ ಭತ್ಯೆಯನ್ನೂ ಕೊಡುತ್ತದೆ. 2009ರ 'ಪೆರ್ರಿ ಇನಿಷಿಯೇಟಿವ್' ಹೈಸ್ಕೂಲ್ ಹುಡುಗಿಯರ ಕೈಗೇ ಡ್ರಿಲ್ ಕೊಟ್ಟು, ಕೃತಕ ಎಲುಬಿಗೆ ಸ್ಕ್ರೂ ಹಾಕಿಸಿ ನೋಡುತ್ತದೆ. ನಮಗೆ ಇದೇ ಹೆಚ್ಚು ಇಷ್ಟವಾದದ್ದು. ಇವು ಯಾವುವೂ ಕರ್ನಾಟಕದ ಹುಡುಗಿಯ ಎಂಬಿಬಿಎಸ್ ಫೀಸು ಕಟ್ಟುವ ಯೋಜನೆಗಳಲ್ಲ.

"ಅದಕ್ಕೆ ಗಂಡಸಿನ ತೋಳ್ಬಲ ಬೇಕು" ಎಂಬ ಮಾತು

ಹುಡುಗಿಯರು ಈ ವಿಭಾಗದಿಂದ ದೂರ ಉಳಿಯಲು ಹಣಕ್ಕಿಂತ ಮೊದಲು ಅಡ್ಡ ಬರುವುದು ಈ ಮಾತು. ಮುರಿದ ತೊಡೆಯ ಎಲುಬನ್ನು ಎಳೆದು ಕೂಡಿಸುವುದು ಬಲದ ಕೆಲಸ ಎಂದು ನೋಡಿದವರಿಗೆ ಅನ್ನಿಸುತ್ತದೆ. ನಿಜವಾಗಿ ಎಳೆಯಬೇಕಾದದ್ದು ಎಲುಬನ್ನಲ್ಲ, ಅದರ ಸುತ್ತ ಬಿಗಿದುಕೊಂಡ ಸ್ನಾಯುವನ್ನು. ಅರಿವಳಿಕೆ ಕೊಟ್ಟರೆ ಸ್ನಾಯು ಸಡಿಲವಾಗುತ್ತದೆ. ಆಪರೇಷನ್ ಥಿಯೇಟರಿನಲ್ಲಿ ಕಾಲನ್ನು ಎಳೆದು ಹಿಡಿಯಲು ಟ್ರಾಕ್ಷನ್ ಟೇಬಲ್ ಇದೆ, ಕೊರೆಯಲು ಬ್ಯಾಟರಿ ಡ್ರಿಲ್ ಇದೆ. ಜಾರಿದ ಭುಜದ ಕೀಲಿಗೆ ಒಂದು ಹಳೆಯ ವಿಧಾನವಿದೆ: ರೋಗಿಯನ್ನು ಬೋರಲು ಮಲಗಿಸಿ, ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಅದಕ್ಕೆ ತೂಕ ಕಟ್ಟಿ ಕಾಯುವುದು. ಸ್ನಾಯು ದಣಿದಂತೆ ಕೀಲು ತಾನೇ ಒಳಗೆ ಸರಿಯುತ್ತದೆ. ಇಲ್ಲಿ ಎಳೆಯುವ ಕೆಲಸ ತೂಕದ್ದೇ.

ಇನ್ನೊಂದು ಹೆದರಿಕೆ ಎಕ್ಸ್-ರೇಯದ್ದು, ಅದನ್ನು ತಳ್ಳಿಹಾಕುವಂತಿಲ್ಲ. ಎಲುಬು ಆಪರೇಷನ್‌ಗಳಲ್ಲಿ ಸಿ-ಆರ್ಮ್ ಯಂತ್ರ ಪದೇ ಪದೇ ಎಕ್ಸ್-ರೇ ಬಿಡುತ್ತದೆ. ಸೀಸದ ಏಪ್ರನ್ ಕಡ್ಡಾಯ, ಅದು ಎದೆಯ ಪಕ್ಕವನ್ನೂ ಮುಚ್ಚುವ ಅಳತೆಯದಾಗಿರಬೇಕು. ವಿಕಿರಣದ ನಡುವೆ ದುಡಿಯುವವರು ಗರ್ಭಿಣಿಯೆಂದು ತಿಳಿಸಿದ ಮೇಲೆ ಭ್ರೂಣಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಾಕಬಾರದು ಎಂಬ ಮಿತಿ ಭಾರತದಲ್ಲೂ ಇದೆ. ಇದು ಎಚ್ಚರಿಕೆಯಿಂದ ನಿಭಾಯಿಸುವ ಅಪಾಯ, ವೃತ್ತಿಯನ್ನೇ ಬಿಡಬೇಕಾದ ಕಾರಣವಲ್ಲ.

ಡಾಕ್ಟರ್ ಗಂಡಾದರೇನು, ಹೆಣ್ಣಾದರೇನು ಎಂದು ಕೇಳುವವರಿಗೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಧ್ಯಯನವೊಂದನ್ನು ತೋರಿಸಬಹುದು. 13 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿ 2021ರ ಕೊನೆಯಲ್ಲಿ ಪ್ರಕಟವಾದ ಅದರ ಪ್ರಕಾರ, ಪುರುಷ ಸರ್ಜನ್ ಆಪರೇಷನ್ ಮಾಡಿದ ಮಹಿಳಾ ರೋಗಿಗಳಲ್ಲಿ ತೊಡಕುಗಳು ಸ್ವಲ್ಪ ಹೆಚ್ಚಿದ್ದವು. ಅದು ಎಲುಬಿನ ಆಪರೇಷನ್‌ಗಳದ್ದಷ್ಟೇ ಅಲ್ಲ, ಕಾರಣವನ್ನು ಸಾಬೀತು ಮಾಡುವ ಅಧ್ಯಯನವೂ ಅಲ್ಲ. ನಮ್ಮ ಕಡೆಯ ಮಾತು ಇನ್ನೂ ಸರಳ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ದಿನವಿಡೀ ಕುಕ್ಕರಗಾಲಲ್ಲಿ ಕೂರುವವರು ಹೆಂಗಸರೇ. ಮುಟ್ಟು ನಿಂತ ಮೇಲೆ ಎಲುಬು ಬೇಗ ಸವೆಯುವುದೂ ಹೆಂಗಸರಿಗೇ. ಸೊಂಟದ ಕೀಲು ತೋರಿಸಬೇಕು ಎಂದರೆ "ಗಂಡು ಡಾಕ್ಟರ್ ಇದ್ದರ ಬ್ಯಾಡ" ಎಂದು ನೋವು ನುಂಗಿ ಕೂರುವ ಅಜ್ಜಿಯರು ಯಾವ ಮನೆಯಲ್ಲಿಲ್ಲ?

ಹಾಗಾದರೆ ಇಲ್ಲಿ ಹಣ ಎಲ್ಲಿಂದ?

ಮೊದಲು ಗೊತ್ತಿರಬೇಕಾದದ್ದು: ಪಿಯುಸಿ ಮುಗಿಸಿ ನೇರವಾಗಿ ಯಾರೂ ಎಲುಬು ಡಾಕ್ಟರ್ ಆಗುವುದಿಲ್ಲ. ನೀಟ್ ಬರೆದು ಎಂಬಿಬಿಎಸ್, ಅದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಆಮೇಲೆ ನೀಟ್ ಪಿಜಿ, ಎಂಎಸ್ ಆರ್ಥೋಪೆಡಿಕ್ಸ್ 3 ವರ್ಷ. ಪಿಜಿ ಓದುವಾಗ ತಿಂಗಳಿಗೆ ಸ್ಟೈಪೆಂಡ್ ಬರುತ್ತದೆ. ಹಾಗಾಗಿ ಹೊರೆ ಇರುವುದು ಮೊದಲ ಹಂತದಲ್ಲಿ. ಆ ಹಂತದಲ್ಲೇ "ಎಲುಬು ಡಾಕ್ಟರ್ ಆಗುವವರಿಗೆ ಮಾತ್ರ" ಎನ್ನುವ ಸ್ಕಾಲರ್‌ಶಿಪ್ ಎಂದರೆ ಅನುಮಾನ ಪಡಿ.

ದೇವರಗುಡ್ಡದಂಥ ಊರಿನವರು ಹೆಚ್ಚಾಗಿ ಕೈಬಿಡುವುದು ಸೀಟಿನ ಮೀಸಲಾತಿಯನ್ನು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯ ಕೋಟಾದಲ್ಲಿ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಸೀಟುಗಳಿವೆ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಬೇಕು, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಹೊಳೆಯಾಚೆಯ ಮೈಲಾರದವರಿಗೆ 371ಜೆ ಮೀಸಲಾತಿಯೂ ಇದೆ, ಹಾವೇರಿ ಜಿಲ್ಲೆಗೆ ಅದು ಇಲ್ಲ. ಹಾವೇರಿಯಲ್ಲೇ 2022ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ನಡೆಯುತ್ತಿರುವುದರಿಂದ ಊಟ-ವಸತಿಯ ಖರ್ಚಿನ ಲೆಕ್ಕವೂ ಬದಲಾಗಿದೆ.

ಎಸ್‌ಸಿ ಮತ್ತು ಎಸ್‌ಟಿ ವಿದ್ಯಾರ್ಥಿಗಳು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಕೇಂದ್ರದ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿಯ ಒಳಗಿರಬೇಕು. ಹಿಂದುಳಿದ ವರ್ಗದವರಿಗೆ ದೇವರಾಜ ಅರಸು ನಿಗಮದಲ್ಲೂ ಅಲ್ಪಸಂಖ್ಯಾತರಿಗೆ ಅವರ ಅಭಿವೃದ್ಧಿ ನಿಗಮದಲ್ಲೂ 'ಅರಿವು' ಸಾಲವಿದೆ. ಅದು ಸಾಲ, ತೀರಿಸಬೇಕಾದದ್ದು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ 3% ಬಡ್ಡಿ ರಿಯಾಯಿತಿ. ಆದರೆ ಎಲ್ಲ ಕಾಲೇಜುಗಳೂ ಅದರ ಪಟ್ಟಿಯಲ್ಲಿಲ್ಲ, ಸೀಟು ಆರಿಸುವ ಮೊದಲೇ ಪಟ್ಟಿ ನೋಡಿ.

ಪಿಜಿಯ ಅಖಿಲ ಭಾರತ ಕೋಟಾದಲ್ಲಿ ಎಸ್‌ಸಿ 15%, ಎಸ್‌ಟಿ 7.5%, ಒಬಿಸಿ 27%, ಇಡಬ್ಲ್ಯೂಎಸ್ 10% ಮೀಸಲಾತಿ ಇದೆ, ಅಂಗವಿಕಲರಿಗೆ 5%. ಆ ಕೋಟಾದಲ್ಲಿ ಮಹಿಳೆಯರಿಗೆಂದು ಪ್ರತ್ಯೇಕ ಪಾಲಿಲ್ಲ. ಅಂದರೆ ಅಮೆರಿಕದ ಯೋಜನೆಗಳು ಮುಚ್ಚಲು ಹೊರಟಿರುವ ಅದೇ ಕಂದಕಕ್ಕೆ ನಮ್ಮಲ್ಲಿ ಈ ಹಂತದಲ್ಲಿ ಸೇತುವೆ ಕಟ್ಟಿಲ್ಲ.

ಮೇಲೆ ಹೇಳಿದ ಸರ್ಕಾರಿ ಯೋಜನೆಗಳಲ್ಲಿ ಯಾವುದಕ್ಕೂ ವಾಟ್ಸಾಪ್ ಲಿಂಕಿನಲ್ಲಿ 'ರಿಜಿಸ್ಟ್ರೇಷನ್ ಫೀಸು' ಕಟ್ಟಬೇಕಿಲ್ಲ, ಒಟಿಪಿ ಹೇಳಬೇಕಿಲ್ಲ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಮುಂದಿನ ಖಾತೆಗೆ ಜಾರುವ ಮೊದಲು ದೂರು ದಾಖಲಾದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.