ಒಡಲೊಳಗಿನ ಭಸ್ಮಾಸುರ

ಅಗಸ್ತ್ಯರು ವಾತಾಪಿಯನ್ನು ಅರಗಿಸಿಕೊಂಡ ಕಥೆಯನ್ನು ಬಾಲ್ಯದಲ್ಲಿ ಕೇಳದವರಾರು? ನಾನು ಅದನ್ನು ಕೇಳಿದ್ದು ನನ್ನ ಸೋದರಮಾವನವರ ಬಾಯಿಂದ. ಕಥೆ ಹೇಳುತ್ತಿದ್ದ ಅವರಿಗೇ ಉಂಡ ಅನ್ನ ಅರಗುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಹೊರಳಾಡಿ 1989ರಲ್ಲಿ ಅವರು ತೀರಿಕೊಂಡಾಗ ಮೇದೋಜೀರಕ ಗ್ರಂಥಿಯ ಉರಿಯೂತವೆಂದರು ವೈದ್ಯರು. ಗುಟ್ಟಾಗಿ ಕುಡಿಯುತ್ತಿದ್ದರೆಂದರು ಊರವರು. ಹೆಂಡವನ್ನು ಮೂಸಿಯೂ ನೋಡದ ಮನುಷ್ಯನಿಗೆ ಅಂಟಿದ ಈ ಅಪವಾದವೇ, ಕನ್ನಡ ಪಾಠ ಹೇಳುವ ನನ್ನನ್ನು ನನ್ನದಲ್ಲದ ಒಂದು ಶಾಸ್ತ್ರದ ಚರಿತ್ರೆಯತ್ತ ಎಳೆದದ್ದು.

ನಾವಿಂದು ಬಳಸುವ ‘ಕಿಣ್ವ’ ಹಳೆಯ ಸಂಸ್ಕೃತ ಶಬ್ದ. ಮದ್ಯವನ್ನು ಹುದುಗೆಬ್ಬಿಸಲು ಬೆರೆಸುವ ದ್ರವ್ಯವೆಂಬ ಅರ್ಥದಲ್ಲಿ ಅದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಬರುತ್ತದೆ. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ‘ಎನ್‌ಜೈಮ್’ ಎಂಬ ಪದವನ್ನು ಕಟ್ಟಿದ್ದೂ ಹುದುಗನ್ನು ಸೂಚಿಸುವ ಗ್ರೀಕ್ ಮಾತಿನಿಂದಲೇ. 1836ರಲ್ಲಿ ಥಿಯೋಡೋರ್ ಶ್ವಾನ್ ಜಠರದ ‘ಪೆಪ್ಸಿನ್’ ಅನ್ನು ಗುರುತಿಸಿದ್ದ. 1876ರಲ್ಲಿ ಕ್ಯೂನೆ ಮೇದೋಜೀರಕದ ರಸದಲ್ಲಿ ಸಸಾರಜನಕವನ್ನು ಕತ್ತರಿಸುವ ಕಿಣ್ವಕ್ಕೆ ‘ಟ್ರಿಪ್ಸಿನ್’ ಎಂದು ಹೆಸರಿಟ್ಟ.

ಇಲ್ಲೊಂದು ಸಹಜವಾದ ಸಂದೇಹ ಏಳುತ್ತದೆ. ಮಾಂಸವನ್ನು ಕರಗಿಸುವ ಈ ರಸ, ತನ್ನನ್ನು ಹೆತ್ತ ಗ್ರಂಥಿಯನ್ನೇ ಏಕೆ ಕರಗಿಸುವುದಿಲ್ಲ? ರುಡಾಲ್ಫ್ ಹೈಡೆನ್‌ಹೈನ್ 1875ರಲ್ಲಿಯೇ ಇದಕ್ಕೆ ಉತ್ತರದ ದಾರಿ ತೋರಿಸಿದ್ದ: ಗ್ರಂಥಿಯಲ್ಲಿರುವುದು ಒರೆಯಲ್ಲಿಟ್ಟ ಕತ್ತಿ, ನಿಷ್ಕ್ರಿಯವಾದ ಪೂರ್ವರೂಪ. ಆ ಒರೆಯನ್ನು ಕಳಚುವ ಇನ್ನೊಂದು ಕಿಣ್ವ ಸಣ್ಣಕರುಳಿನಲ್ಲಿದೆಯೆಂಬುದು 1899ರಲ್ಲಿ ರಷ್ಯದ ಪಾವ್ಲೊವ್‌ನ ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. ಒರೆ ಅಕಾಲದಲ್ಲಿ ಕಳಚಿದರೆ? ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆಂದು ಹಾನ್ಸ್ ಕಿಯಾರಿ 1896ರಲ್ಲಿ ಪ್ರಾಗ್ ನಗರದಿಂದ ಸಾರಿದ್ದ. ಭಸ್ಮಾಸುರನು ತನ್ನ ಕೈಯನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡಂತೆ!

ಟ್ರಿಪ್ಸಿನ್ ಒಂದೇ ಅಲ್ಲವೆಂಬುದು ಮುಂದೆ ತಿಳಿದ ಸಂಗತಿ. ಮನುಷ್ಯನ ಮೇದೋಜೀರಕ ಅದರ ಮೂರು ರೂಪಗಳನ್ನು ತಯಾರಿಸುತ್ತದೆ. ಎರಡು ಹೇರಳವಾಗಿವೆ, ಮೂರನೆಯದು ಅತ್ಯಲ್ಪ. ಆದರೆ ಉಳಿದವೆರಡನ್ನು ಕಟ್ಟಿಹಾಕುವ ಪ್ರತಿಬಂಧಕಗಳಿಗೆ ಈ ಮೂರನೆಯದು ಮಣಿಯದು. ಇದರ ಇನ್ನೊಂದು ರೂಪಾಂತರ 1993ರಲ್ಲಿ ಮಿದುಳಿನಲ್ಲಿಯೂ ಕಂಡುಬಂತು. ಅನ್ನ ಅರಗಿಸುವ ಮನೆತನದ ಒಬ್ಬ ದಾಯಾದಿ ವಿಚಾರ ಮಾಡುವ ಮನೆಯಲ್ಲಿ ನೆಲಸಿದ್ದಾನೆ!

1952ರಲ್ಲಿ ಅಮೆರಿಕದ ಕಮ್‌ಫರ್ಟ್ ಮತ್ತು ಸ್ಟೈನ್‌ಬರ್ಗ್ ಎಂಬವರು, ಈ ಉರಿಯೂತ ಕೆಲವು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತದೆಂದು ವರದಿ ಮಾಡಿದರು. ಕಾರಣ ಸಿಕ್ಕಿದ್ದು 1996ರಲ್ಲಿ. ಟ್ರಿಪ್ಸಿನ್ನಿನ ಸರಪಣಿಯಲ್ಲಿ ಒಂದು ನಿಶ್ಚಿತ ಸ್ಥಾನದ ಅರ್ಜಿನಿನ್ ಹೋಗಿ ಹಿಸ್ಟಿಡಿನ್ ಬಂದಿತ್ತು. ಮಿತಿಮೀರಿದ ಟ್ರಿಪ್ಸಿನ್ ತುಂಡಾಗಿ ನಾಶವಾಗಬೇಕಾದ ಜಾಗವೇ ಅದು. ಒಂದಕ್ಷರದ ತಪ್ಪಿನಿಂದ ಕತ್ತಿ ಮೊಂಡಾಗುವುದನ್ನೇ ಮರೆಯಿತು.

ನಮ್ಮ ದೇಶದ ಕಥೆ ಸ್ವಲ್ಪ ಬೇರೆ. ಉಷ್ಣವಲಯದಲ್ಲಿ ಕಾಣುವ ಈ ಜಾತಿಯ ರೋಗವನ್ನು ಹೈದರಾಬಾದಿನ ವಿಜ್ಞಾನಿಗಳು ಪರಿಶೀಲಿಸಿ, ದೋಷ ಹೆಚ್ಚಾಗಿ ಇರುವುದು ಟ್ರಿಪ್ಸಿನ್ನಿನಲ್ಲಲ್ಲ, ಅದನ್ನು ತಡೆಯುವ ಕಾವಲುಗಾರನಲ್ಲಿ ಎಂದು 2002ರಲ್ಲಿ ತಿಳಿಸಿದರು.

ಮದ್ಯಪಾನ ಈ ರೋಗಕ್ಕೆ ದೊಡ್ಡ ಕಾರಣವೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದೊಂದೇ ಕಾರಣವಲ್ಲ. ಇದನ್ನು ನಾನು ಈಚೆಗೆ ಊರಿಗೆ ಹೋದಾಗ ನಮ್ಮತ್ತೆಗೆ, ಎಂದರೆ ಮಾವನವರ ಹೆಂಡತಿಗೆ, ವಿವರಿಸಿ ಹೇಳಿದೆ. ಆ ವೃದ್ಧೆ ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ, “ಇದನ್ನು ನಮ್ಮ ಬೀದಿಯವರಿಗೂ ಒಂದಿಷ್ಟು ಹೇಳಪ್ಪ” ಎಂದರು. ಬೀದಿಯವರಲ್ಲಿ ಅನೇಕರು ಈಗಿಲ್ಲ. ಅದಕ್ಕಾಗಿ ಇಲ್ಲಿ ಬರೆದಿದ್ದೇನೆ.