ತಲಕಾಡನ್ನು ಯಾವ ಹೆಸರಲ್ಲಿ ಹುಡುಕಬೇಕು?

‘ನಮ್ಮೂರಿನ ಶಾಸನ ಇಂಟರ್ನೆಟ್ಟಿನಲ್ಲಿ ಎಲ್ಲೂ ಇಲ್ಲ ಸಾರ್’ ಎಂದು ನಂಜನಗೂಡು ಕಡೆಯ ಹುಡುಗನೊಬ್ಬ ಬಂದ. ಅವನ ತಾತ ನೋಡಿದ್ದ ಕಲ್ಲು ರಸ್ತೆ ಅಗಲವಾದ ಮೇಲೆ ಕಾಣೆಯಾಗಿದೆ. ಇನ್ನು ಅಚ್ಚಾದ ಪಾಠವೇ ಗತಿ.

ಪಾಠ ಇತ್ತು. ಬಿ. ಎಲ್. ರೈಸ್ 1894ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಮೂರನೆಯ ಸಂಪುಟದಲ್ಲಿ ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕುಗಳಿವೆ. ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ತೊಡಕಿರುವುದು ಹುಡುಕುವುದರಲ್ಲಿ. ರೈಸರ ಕಾಲದ ಇಂಗ್ಲಿಷ್ ಬರವಣಿಗೆಯಲ್ಲಿ ತಲಕಾಡು ‘ತಲ್ಕಾಡ್’, ಶ್ರೀರಂಗಪಟ್ಟಣ ‘ಸೆರಿಂಗಪಟಂ’. ಶಾಸನದೊಳಗೆ ಹೋದರೆ ಅದೇ ತಲಕಾಡು ‘ತಲವನಪುರ’. ಮೇಲೆ ಗೆರೆ, ಕೆಳಗೆ ಚುಕ್ಕಿ ಇಟ್ಟ ರೋಮನ್ ಅಕ್ಷರಗಳನ್ನು ಯಂತ್ರ ತನಗೆ ತೋಚಿದಂತೆ ಓದಿಕೊಂಡಿರುತ್ತದೆ. ಮಳವಳ್ಳಿಯ ಶಾಸನವನ್ನು ಮಂಡ್ಯ ಜಿಲ್ಲೆಯೆಂದು ಹುಡುಕಿದರೆ ಸಿಕ್ಕುವುದಿಲ್ಲ. ಆ ಜಿಲ್ಲೆ ಹುಟ್ಟಿದ್ದೇ 1939ರಲ್ಲಿ, ರೈಸರಿಗೆ ಅದು ಮೈಸೂರು ಜಿಲ್ಲೆ.

ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಪರಿಷ್ಕೃತ ಆವೃತ್ತಿ ತಂದಿತು, ದೊಡ್ಡ ಕೆಲಸ. ಆದರೆ ಅಲ್ಲಿ ನಂಜನಗೂಡು ಮೂರನೆಯ ಸಂಪುಟದಲ್ಲಿ ಉಳಿದು, ತಿ. ನರಸೀಪುರ ಐದನೆಯದಕ್ಕೆ ಹೋಯಿತು. ಹಳೆಯ ಲೇಖನದ ಅಡಿಟಿಪ್ಪಣಿ ಹಿಡಿದು ಹೊರಟವನು ಯಾವ ಸಂಪುಟ, ಯಾವ ಸಂಖ್ಯೆ ಎಂದು ಮೊದಲು ಕೇಳಿಕೊಳ್ಳಬೇಕು. ನನ್ನದೇ ಎಷ್ಟೋ ಸಂಜೆಗಳು ಇದರಲ್ಲಿ ಕಳೆದಿವೆ.

ಸ್ಕ್ಯಾನ್ ಮಾಡಿದರೆ ಉಳಿಸಿದಂತಾಯಿತು ಎಂದು ನಾವು ಬೇಗ ಸಮಾಧಾನಪಡುತ್ತೇವೆ. ‘ಸಂಚಯ’ದ ಗೆಳೆಯರು ಹಾಗೆ ಸುಮ್ಮನಾಗಲಿಲ್ಲ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹಗಳಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಹೂತುಹೋಗಿದ್ದ ಕನ್ನಡ ಪುಸ್ತಕಗಳ ಹೆಸರುಗಳನ್ನು ಓದುಗರ ನೆರವಿನಿಂದಲೇ ಕನ್ನಡಕ್ಕೆ ತಿರುಗಿಸಿ ‘ಪುಸ್ತಕ ಸಂಚಯ’ ಕಟ್ಟಿದರು. ಶಾಸನಗಳ ಊರುಹೆಸರಿಗೂ ಇಂಥ ಕೈಗೆಲಸ ಬೇಕು. ಅದನ್ನು ಮಾಡಬಲ್ಲವರು ಊರಿನವರೇ. ಕಾಗದದ ಮೇಲಿನ ಹೆಸರು ಯಾವ ಹಾಳೂರಿನದೆಂದು ಅವರಿಗಷ್ಟೇ ಗೊತ್ತಿರುತ್ತದೆ.

ಹುಡುಗನ ಊರು ಕೊನೆಗೆ ಪುಟ ತಿರುವುತ್ತ ತಿರುವುತ್ತ ಸಿಕ್ಕಿತು, ಒಂದು ಅಕ್ಷರ ಬೇರೆಯಾಗಿ. ಅವನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: ಈಗಿನ ಹೆಸರು, ರೈಸರ ಹೆಸರು, ಶಾಸನದ ಹೆಸರು, ಎರಡೂ ಸಂಪುಟದ ಸಂಖ್ಯೆ. ಆಮೇಲೆ ಪಕ್ಕದೂರಿನದನ್ನೂ ಬರೆದ. ಈಗ ನರಸೀಪುರದ ಸೋಸಲೆ ಹೋಬಳಿಯವರೆಗೆ ಬಂದಿದ್ದಾನೆ.